ತಂಪನ್ನು ಅಳೆದು ಕೊಟ್ಟ ವಿಲ್ಲಿಸ್ ಕ್ಯಾರಿಯರ್

ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ ಅಂಗಡಿಗೆ ಹೋಗಿ ಎಸಿ ಬೇಕೆಂದರೆ ಮೊದಲು ಕೇಳುವ ಪ್ರಶ್ನೆ, ಇನ್ವರ್ಟರ್ ಎಸಿ ಬೇಕೋ ಮಾಮೂಲಿ ಎಸಿ ಸಾಕೋ ಅಂತ. ನಮ್ಮ ಕಡೆ ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಬಲ್ಬು, ಫ್ಯಾನು ಓಡಿಸುವ ಬ್ಯಾಟರಿ ಪೆಟ್ಟಿಗೆ. ಹಾಗಾಗಿ ಕರೆಂಟು ಇಲ್ಲದಿದ್ದರೂ ಓಡುವ ಎಸಿ ಇರಬೇಕು ಅಂದುಕೊಳ್ಳುವವರೇ ಹೆಚ್ಚು. ಅದಲ್ಲ ವಿಷಯ. ಎಸಿಯ ಹೊರಗಿನ ಪೆಟ್ಟಿಗೆಯೊಳಗೆ ಕಂಪ್ರೆಸರ್ ಎಂಬ ಯಂತ್ರ ಇರುತ್ತದೆ. ಅನಿಲವನ್ನು ಒತ್ತಿ ಒತ್ತಿ ಓಡಿಸುವುದೇ ಅದರ ಕೆಲಸ. ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುವ ಆಳು ಅದೇ. ಮಾಮೂಲಿ ಎಸಿಯಲ್ಲಿ ಈ ಆಳಿಗೆ ಎರಡೇ ಗೊತ್ತು, ಒಂದೋ ಪೂರ್ತಿ ಜೋರಾಗಿ ದುಡಿಯುವುದು, ಇಲ್ಲವೇ ಸುಮ್ಮನೆ ಕೂರುವುದು. ಇನ್ವರ್ಟರ್ ಎಸಿಯಲ್ಲಿ ಎಷ್ಟು ಶಾಖ ಇದೆಯೋ ಅಷ್ಟೇ ದುಡಿಯುತ್ತದೆ. ಮಧ್ಯಾಹ್ನ ಎರಡಕ್ಕೆ ಜೋರು, ಬೆಳಗಿನ ಜಾವ ನಿಧಾನ.

ಈ ಬೇಕಾದಷ್ಟೇ ಎಂಬ ನಾಲ್ಕಕ್ಷರದ ಲೆಕ್ಕದ ಬೆನ್ನು ಹತ್ತಿ ಇಡೀ ಆಯುಷ್ಯ ಕಳೆದ ಮನುಷ್ಯ ಅಮೆರಿಕದ ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್. ಎಸಿ ಕಂಡುಹಿಡಿದವನು ಎಂದು ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲು ಬರುತ್ತದಲ್ಲ, ಆತನೇ. ಆದರೆ ತಂಪು ಮಾಡುವ ಯಂತ್ರ ಆತನಿಗಿಂತ ಮುಂಚೆಯೇ ಇತ್ತು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲೇ ಅಮೋನಿಯಾ ಕಂಪ್ರೆಸರ್ ಮಾಡಿ ಬಿಯರ್ ಕಾರ್ಖಾನೆಗಳಿಗೆ ಮಾರಿದ್ದ. ಕ್ಯಾರಿಯರ್ ಮಾಡಿದ್ದು ಬೇರೆ. ತಂಪನ್ನೂ ತೇವವನ್ನೂ ಅಳೆದು, ಕೇಳಿದಷ್ಟು ಕೊಡುವುದನ್ನು ಕಲಿಸಿದ.

ಸೇಬು ಹೆಚ್ಚಿ ಲೆಕ್ಕ ಕಲಿಸಿದ ತಾಯಿ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲ ಎಂಬ ಹಳ್ಳಿಯ ಬಳಿ. ಒಕ್ಕಲುತನದ ಮನೆ. ಓರಗೆಯ ಮಕ್ಕಳು ಸುತ್ತ ಇರಲಿಲ್ಲ, ಮನೆ ತುಂಬ ದೊಡ್ಡವರೇ. ಹಾಲು ಕರೆಯುವುದು, ಸೌದೆ ಒಡೆಯುವುದು ಎಲ್ಲವೂ ಇತ್ತು. ಶಾಲೆಯಲ್ಲಿ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ತಾಯಿ ಎಲಿಜಬೆತ್ ನೆಲಮಾಳಿಗೆಯಿಂದ ಒಂದು ತಟ್ಟೆ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಹೆಚ್ಚಿ, ಕೂಡಿಸಿ ಕಳೆದು ತೋರಿಸಿದಳು. ಕಷ್ಟದ ಲೆಕ್ಕವನ್ನು ಸಣ್ಣ ಸಣ್ಣ ಹೋಳು ಮಾಡಿಕೊಂಡು ಬಿಡಿಸಬೇಕು ಎನ್ನುವುದನ್ನು ತನಗೆ ಕಲಿಸಿದ್ದು ಆ ದಿನ ಎಂದು ಮುದುಕನಾದ ಮೇಲೂ ಕ್ಯಾರಿಯರ್ ನೆನೆಯುತ್ತಿದ್ದ. ಆ ತಾಯಿ ಮಗನಿಗೆ 11 ವರ್ಷವಿದ್ದಾಗಲೇ ತೀರಿಕೊಂಡಳು.

ಓದಲು ಹಣವಿರಲಿಲ್ಲ. ಹೈಸ್ಕೂಲು ಮುಗಿಸಿ ಕೆಲ ಕಾಲ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದ. ಆಮೇಲೆ ವಿದ್ಯಾರ್ಥಿ ವೇತನ ಗಿಟ್ಟಿಸಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ. ಊಟ ವಸತಿಗೆ ಮನೆ ಮನೆಯ ಹುಲ್ಲು ಕತ್ತರಿಸಿದ, ಒಲೆಗಳಿಗೆ ಕಲ್ಲಿದ್ದಲು ಹಾಕಿದ, ಇನ್ನೊಬ್ಬನ ಜೊತೆ ಸೇರಿ ಹುಡುಗರ ಬಟ್ಟೆ ಒಗೆಸುವ ಏಜೆನ್ಸಿ ನಡೆಸಿದ. 1901ರಲ್ಲಿ ಎಂಜಿನಿಯರ್ ಆಗಿ ಹೊರಬಂದು ಬಫಲೋ ನಗರದ ಬಫಲೋ ಫೋರ್ಜ್ ಕಂಪನಿಗೆ ಸೇರಿದ. ಸಂಬಳ ವಾರಕ್ಕೆ 10 ಡಾಲರ್.

ಆ ಕಂಪನಿ ಮಾಡುತ್ತಿದ್ದದ್ದು ಫ್ಯಾನು, ಹೀಟರು, ಕುಲುಮೆಗೆ ಗಾಳಿ ಹಾಕುವ ಬ್ಲೋಯರು. ಒಂದು ಕಟ್ಟಡಕ್ಕೆ ಎಷ್ಟು ಹೀಟರು ಬೇಕು ಅಂದರೆ ಯಾರ ಬಳಿಯೂ ಸರಿಯಾದ ಲೆಕ್ಕವಿರಲಿಲ್ಲ. ಕಡಿಮೆ ಬಿದ್ದೀತು ಎಂದು ಹೆಚ್ಚಿಗೇ ಹಾಕುತ್ತಿದ್ದರು. ಕ್ಯಾರಿಯರ್ ಕೆಲಸದ ಹೊತ್ತು ಮುಗಿದ ಮೇಲೂ ಕೂತು ಪ್ರಯೋಗ ಮಾಡಿ ಕೋಷ್ಟಕಗಳನ್ನು ಬರೆದ. ಒಂದೇ ಚಳಿಗಾಲದಲ್ಲಿ ಕಂಪನಿಗೆ 40 ಸಾವಿರ ಡಾಲರ್ ಉಳಿಯಿತು. ಹುಡುಗನಿಗೆ ಒಂದು ಪ್ರಯೋಗಶಾಲೆಯನ್ನೇ ಕೊಟ್ಟರು.

ಬಣ್ಣ ಕೂಡದ ಪ್ರೆಸ್ಸು

1902ರ ಬೇಸಿಗೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್ ವಿಲ್ಹೆಲ್ಮ್ಸ್ ಎಂಬ ಪ್ರೆಸ್ಸಿನವರು ಬಣ್ಣದ ಪತ್ರಿಕೆ ಅಚ್ಚು ಹಾಕುತ್ತಿದ್ದರು. ಒಂದೊಂದು ಬಣ್ಣಕ್ಕೂ ಕಾಗದ ಒಮ್ಮೊಮ್ಮೆ ಯಂತ್ರಕ್ಕೆ ಹೋಗಿ ಬರಬೇಕು. ಗಾಳಿಯ ತೇವ ಏರಿದರೆ ಕಾಗದ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ನಿನ್ನೆ ಹಾಕಿದ ಕೆಂಪಿನ ಮೇಲೆ ಇವತ್ತಿನ ನೀಲಿ ಕೂರುವುದಿಲ್ಲ. ರೀಮುಗಟ್ಟಲೆ ಕಾಗದ ಕಸ. ತೇವ ವರ್ಷವಿಡೀ ಶೇಕಡಾ 55 ಇರಬೇಕು, ಚಳಿಗಾಲದಲ್ಲಿ ಉಷ್ಣತೆ ಸುಮಾರು 21 ಡಿಗ್ರಿ ಸೆಲ್ಸಿಯಸ್, ಬೇಸಿಗೆಯಲ್ಲಿ 27 ಡಿಗ್ರಿ ಇರಬೇಕು. ಇದಿಷ್ಟು ಅವರ ಬೇಡಿಕೆ. ಗಮನಿಸಿ, ಇಲ್ಲಿ ಮನುಷ್ಯರ ಸೆಕೆಯ ಮಾತೇ ಇಲ್ಲ. ಕಾಗದದ ಕಷ್ಟಕ್ಕೆ ಹುಟ್ಟಿದ್ದು ಎಸಿ.

ಮೊದಲು ಕ್ಯಾರಿಯರ್ ಗೋಣಿಬಟ್ಟೆಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನ ನೀರಿನಲ್ಲಿ ನೆನೆಸಿ ಅದರ ಮೂಲಕ ಗಾಳಿ ಹಾಯಿಸಿ ನೋಡಿದ. ಆ ಉಪ್ಪು ತೇವ ಹೀರುತ್ತದೆ. ಗಾಳಿ ಒಣಗಿತು ನಿಜ, ಆದರೆ ಉಪ್ಪಿನಂಶ ಗಾಳಿಯ ಜೊತೆ ಹೋಗಿ ಯಂತ್ರ, ಕಾಗದ ಎರಡನ್ನೂ ಹಾಳು ಮಾಡುವಂತಿತ್ತು. ಅದನ್ನು ಬಿಟ್ಟ. ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಬೀಸುವ ಏರ್ಪಾಟು ಮಾಡಿದ. ಒಂದಷ್ಟು ಕೊಳವೆಗಳಿಗೆ ಬಾವಿಯ ತಣ್ಣೀರು, ಉಳಿದವಕ್ಕೆ ಅಮೋನಿಯಾ ಕಂಪ್ರೆಸರಿನ ತಂಪು. ನಕ್ಷೆಯ ತಾರೀಖು 1902ರ ಜುಲೈ 17. ಏರ್ ಕಂಡಿಷನಿಂಗ್ ಹುಟ್ಟಿದ ದಿನ ಎಂದು ಇದನ್ನೇ ಹೇಳುವುದು. ದಿನಕ್ಕೆ 1 ಲಕ್ಷ 8 ಸಾವಿರ ಪೌಂಡು ಮಂಜುಗಡ್ಡೆ ಕರಗಿದರೆ ಎಷ್ಟು ತಂಪೋ ಅಷ್ಟು, ಅಂದರೆ 54 ಟನ್.

ಅಂದ ಹಾಗೆ ಎಸಿ ಅಂಗಡಿಯಲ್ಲಿ ಒಂದು ಟನ್, ಒಂದೂವರೆ ಟನ್ ಅನ್ನುವುದು ಇದೇ ಲೆಕ್ಕ. ಎಸಿಯ ತೂಕವಲ್ಲ. 2 ಸಾವಿರ ಪೌಂಡು ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್. ನಮ್ಮ ಕರೆಂಟಿನ ಭಾಷೆಯಲ್ಲಿ ಸುಮಾರು ಮೂರೂವರೆ ಕಿಲೋವಾಟ್ ಶಾಖ.

ಹುಳು ಮನೆಯವರಿಗೆ ಗೊತ್ತಿರುವ ಸಂಗತಿ

ಕಾಗದಕ್ಕೆ ತೇವದ ಲೆಕ್ಕ ಯಾಕೆ ಎಂದು ಪೇಟೆಯವರು ಕೇಳಬಹುದು. ಮಡಕಶಿರಾ, ಹಿಂದೂಪುರ, ಶಿರಾ, ಪಾವಗಡ ಕಡೆಯ ರೇಷ್ಮೆ ರೈತರು ಕೇಳುವುದಿಲ್ಲ. (2022ರ ಜಿಲ್ಲಾ ವಿಂಗಡಣೆಯಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹುಳಕ್ಕೆ ಮಾತ್ರ ಜಿಲ್ಲೆಯೂ ಇಲ್ಲ, ರಾಜ್ಯವೂ ಇಲ್ಲ.) ಚಾಕಿ ಹುಳಕ್ಕೆ 27-28 ಡಿಗ್ರಿ ಉಷ್ಣತೆ, ಶೇಕಡಾ 85-90 ತೇವ ಬೇಕು. ಬೆಳೆದ ಹುಳಕ್ಕೆ 24-25 ಡಿಗ್ರಿ, ಶೇಕಡಾ 65-70 ಸಾಕು. ಅದೇ ಹುಳು, ಅದೇ ಮನೆ, ಆದರೆ ವಾರ ಕಳೆದಂತೆ ಬೇಡಿಕೆಯೇ ಬೇರೆ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಮಳೆಗಾಲದಲ್ಲಿ ಅದನ್ನು ಬಿಚ್ಚಿ, ಚಳಿಗೆ ಕೆಂಡ ಇಟ್ಟು ನಮ್ಮ ಹೆಣ್ಣುಮಕ್ಕಳು ಮಾಡುತ್ತಾ ಬಂದಿರುವುದು ಕ್ಯಾರಿಯರ್ ಮಾಡಿದ ಕೆಲಸವನ್ನೇ. ವ್ಯತ್ಯಾಸ ಇಷ್ಟೇ, ಆತ ಅದಕ್ಕೆ ಸೂತ್ರ ಬರೆದ.

ಇನ್ನೊಂದು ಮಾತು. ನಮ್ಮ ಸೀಮೆಯ ಮಾರ್ಚಿ ಏಪ್ರಿಲ್ ಬಿಸಿಲು ಒಣ ಬಿಸಿಲು. ಆಗ ನೀರು ಸುರಿಯುವ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮುಂಗಾರಿನ ಮೋಡ ಕವಿದು ಮಳೆ ಬಾರದ ದಿನ, ತೆಲುಗಿನವರು ಉಕ್ಕಪೋತ ಅನ್ನುತ್ತಾರಲ್ಲ, ಆವತ್ತು ಅದೇ ಕೂಲರ್ ಮೈಯನ್ನು ಇನ್ನಷ್ಟು ಅಂಟು ಮಾಡುತ್ತದೆ. ಉಷ್ಣತೆ ಒಂದೇ ಅಲ್ಲ, ತೇವವೂ ಲೆಕ್ಕಕ್ಕೆ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪಿಟ್ಸ್‌ಬರ್ಗಿನ ಮಂಜು

1902ರ ಕೊನೆಯ ಭಾಗದ ಒಂದು ರಾತ್ರಿ ಕ್ಯಾರಿಯರ್ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದ. ದಟ್ಟ ಮಂಜು. ಅಡ್ಡಾಡುತ್ತಾ ಯೋಚಿಸಿದ. ಈ ಗಾಳಿ ಮಂಜಿನಿಂದ ತುಂಬಿದೆ, ಅಂದರೆ ಹಿಡಿಯುವಷ್ಟೂ ನೀರನ್ನು ಹಿಡಿದಿದೆ. ಆದರೂ ಚಳಿ ಇರುವುದರಿಂದ ಇದರಲ್ಲಿರುವ ಒಟ್ಟು ನೀರು ಕಡಿಮೆಯೇ. ಹಾಗಾದರೆ ಗಾಳಿಯನ್ನು ತಣ್ಣೀರಿನ ತುಂತುರಿನಲ್ಲಿ ಹಾಯಿಸಿ ಬೇಕಂತಲೇ ಮಂಜು ಮಾಡಿದರೆ, ನೀರಿನ ತಂಪು ಎಷ್ಟಿದೆ ಎನ್ನುವುದರ ಮೇಲೆ ಗಾಳಿಯಲ್ಲಿ ಎಷ್ಟು ತೇವ ಉಳಿಯಬೇಕು ಎಂದು ತೀರ್ಮಾನಿಸಬಹುದಲ್ಲ!

ಒಗಟಿನಂತೆ ಕಾಣುತ್ತದೆ. ನೀರು ಎರಚಿ ಗಾಳಿಯನ್ನು ಒಣಗಿಸುವುದು ಹೇಗೆ? ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಬೆವರುವುದನ್ನು ನೆನಪು ಮಾಡಿಕೊಳ್ಳಿ. ಆ ನೀರು ಬಾಟಲಿಯೊಳಗಿಂದ ಬಂದದ್ದಲ್ಲ, ಸುತ್ತಲ ಗಾಳಿಯದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರು ಹಿಡಿದುಕೊಳ್ಳಬಲ್ಲದು. ಅದನ್ನೇ 10 ಡಿಗ್ರಿಗೆ ಇಳಿಸಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕದ್ದು ಉದುರಲೇಬೇಕು. 10 ಡಿಗ್ರಿಯ ತುಂತುರು ಕೂಡ ಸಾವಿರಾರು ಸಣ್ಣ ಬಾಟಲಿ ಇದ್ದ ಹಾಗೆ, ತನ್ನ ಮೈ ಮೇಲೆ ಗಾಳಿಯ ನೀರನ್ನು ಇಳಿಸಿಕೊಳ್ಳುತ್ತದೆ. ಆ ತಣ್ಣನೆ ಗಾಳಿಯನ್ನು ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿದರೆ ಕೇಳಿದ ಉಷ್ಣತೆ, ಕೇಳಿದ ತೇವ ಎರಡೂ ಸಿಕ್ಕಿತು. ತುಂತುರಿನ ತಂಪನ್ನು ಏರಿಳಿಸಿದರೆ ತೇವ ಏರಿಳಿಯುತ್ತದೆ. ಎಲ್ಲವೂ ಒಂದು ತಿರುಪಿನಲ್ಲಿ.

ಇದಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು. ಮೊದಲು ಕೈಹಿಡಿದವರಲ್ಲಿ ಅಮೆರಿಕದ ದಕ್ಷಿಣದ ಹತ್ತಿ ಗಿರಣಿಗಳವರು ಮುಖ್ಯ. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ, ಎಳೆ ಎಳೆಯಲ್ಲಿ ವಿದ್ಯುತ್ ಹುಟ್ಟಿ ಧೂಳು ಹತ್ತುತ್ತದೆ. ದಾವಣಗೆರೆಯ ಗಿರಣಿಗಳಲ್ಲಿ ದುಡಿದವರಿಗೂ ಇದು ಹೊಸದಲ್ಲ. ರಾಯದುರ್ಗದ ಮನೆ ಮನೆಯಲ್ಲಿ ಹೊಲಿಯುವ ಜೀನ್ಸ್ ಬಟ್ಟೆಯ ನೂಲೂ ಇಂಥ ತೇವದ ಗಾಳಿ ಕುಡಿದೇ ಬಂದಿರುತ್ತದೆ. ಏರ್ ಕಂಡಿಷನಿಂಗ್ ಎಂಬ ಹೆಸರು ಇಟ್ಟದ್ದು ಕ್ಯಾರಿಯರ್ ಅಲ್ಲ, 1906ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್. ನೂಲನ್ನು ತೇವದಿಂದ ಹದ ಮಾಡುವುದಕ್ಕೆ ಕಂಡಿಷನಿಂಗ್ ಅನ್ನುತ್ತಿದ್ದರು, ಆತ ಅದನ್ನು ಗಾಳಿಗೆ ಅಂಟಿಸಿದ. 1911ರ ಡಿಸೆಂಬರ್‌ನಲ್ಲಿ ಕ್ಯಾರಿಯರ್ ಗಾಳಿ, ಶಾಖ, ತೇವ ಮೂರರ ಸಂಬಂಧದ ಸೂತ್ರಗಳನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಓದಿದ. ಇವತ್ತಿಗೂ ಎಂಜಿನಿಯರಿಂಗ್ ಮಕ್ಕಳು ಆ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸುತ್ತಾರೆ.

ಮರುವರ್ಷ ಹೆಂಡತಿ ಕ್ಲೇರ್ ತೀರಿಕೊಂಡಳು. ಮದುವೆಯಾಗಿ ಹತ್ತೇ ವರ್ಷ. 1913ರಲ್ಲಿ ಜೆನ್ನಿ ಮಾರ್ಟಿನ್‌ಳನ್ನು ಮದುವೆಯಾದ. ಇಬ್ಬರು ಗಂಡುಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಲೆಕ್ಕದಲ್ಲಿ ಮುಳುಗಿದರೆ ಈತನಿಗೆ ಊಟ ನಿದ್ದೆಯ ಪರಿವೆ ಇರುತ್ತಿರಲಿಲ್ಲ. ಒಮ್ಮೆ ಪರ ಊರಿಗೆ ಹೊತ್ತು ಹೋದ ಸೂಟ್‌ಕೇಸ್ ತೆಗೆದರೆ ಒಳಗೆ ಒಂದು ಕರವಸ್ತ್ರ ಬಿಟ್ಟು ಇನ್ನೇನೂ ಇರಲಿಲ್ಲವಂತೆ.

ಬೀದಿಗೆ ಬಿದ್ದ ಏಳು ಜನ

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಬಫಲೋ ಫೋರ್ಜ್ ಕಂಪನಿ ಈ ಗಾಳಿ ಹದ ಮಾಡುವ ವ್ಯವಹಾರವನ್ನೇ ಕೈಬಿಡಲು ತೀರ್ಮಾನಿಸಿತು. ಹದಿಮೂರು ವರ್ಷ ದುಡಿದ ಕಡೆ ಆತನ ಕೆಲಸಕ್ಕೇ ಜಾಗವಿಲ್ಲ. ಕ್ಯಾರಿಯರ್, ಆತನ ಗೆಳೆಯ ಅರ್ವಿನ್ ಲೈಲ್ ಸೇರಿ ಏಳು ಎಂಜಿನಿಯರುಗಳು ಉಳಿಸಿದ್ದನ್ನೆಲ್ಲ ಒಟ್ಟು ಹಾಕಿದರು. ಆದದ್ದು 32,600 ಡಾಲರ್. 1915ರ ಜೂನ್‌ನಲ್ಲಿ ಕ್ಯಾರಿಯರ್ ಎಂಜಿನಿಯರಿಂಗ್ ಕಾರ್ಪೊರೇಷನ್ ಶುರುವಾಯಿತು. ಸ್ವಂತ ಕಾರ್ಖಾನೆ ಇಲ್ಲ, ಮಾರಲು ಯಂತ್ರವಿಲ್ಲ, ಇದ್ದದ್ದು ಲೆಕ್ಕ ಒಂದೇ. ಲೈಲ್ ಮಾರುವುದರಲ್ಲಿ ನಿಪುಣ. ಆತ ಇಲ್ಲದಿದ್ದರೆ ಕ್ಯಾರಿಯರ್ ಸೂತ್ರಗಳ ಪುಸ್ತಕವಾಗಿ ಉಳಿದುಬಿಡುತ್ತಿದ್ದನೋ ಏನೋ.

ಕಂಪ್ರೆಸರಿನ ಹಠ

ಈಗ ಮೂಲ ತೊಡಕಿಗೆ ಬರೋಣ. ಗಾಳಿಯ ಲೆಕ್ಕ ಎಷ್ಟೇ ಸರಿಯಾಗಿದ್ದರೂ ತಂಪು ಹುಟ್ಟಿಸುವ ಕಂಪ್ರೆಸರ್ ಹಳೆಯ ಕಾಲದ್ದೇ. ದೊಡ್ಡ ದೊಡ್ಡ ಪಿಸ್ಟನ್ನುಗಳು ಹಿಂದೆ ಮುಂದೆ ಆಡುವ, ಕೋಣೆ ತುಂಬುವ ಯಂತ್ರ. ಒಳಗೆ ಅಮೋನಿಯಾ. ಸೋರಿದರೆ ಉಸಿರು ಕಟ್ಟಿಸುತ್ತದೆ. ಐಸ್ ಫ್ಯಾಕ್ಟರಿಯಲ್ಲಿ ನಡೆಯುತ್ತದೆ, ಸಾವಿರಾರು ಜನ ಕೂರುವ ಥಿಯೇಟರಿನಲ್ಲಿ ನಡೆಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ, ಈ ಯಂತ್ರಕ್ಕೆ ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಕಷ್ಟ. ಶಾಖ ಹೊತ್ತು ಹೊತ್ತಿಗೂ ಬದಲಾಗುತ್ತದೆ. ಬಿಸಿಲು, ಮೋಡ, ಜನಜಂಗುಳಿ, ಖಾಲಿ ಕೋಣೆ. ಯಂತ್ರವನ್ನು ಮಾತ್ರ ಅತಿ ಕೆಟ್ಟ ದಿನಕ್ಕೆ ಸಾಲುವಷ್ಟು ದೊಡ್ಡದಾಗಿ ಕೂರಿಸಬೇಕು. ಉಳಿದ ದಿನಗಳಲ್ಲಿ ಅದು ಅಳತೆಗೆ ಮೀರಿದ್ದು. ಪದೇ ಪದೇ ನಿಲ್ಲಿಸಿ ಹಚ್ಚಬೇಕು. ಹಲವು ಪಿಸ್ಟನ್ ಇರುವ ಯಂತ್ರದಲ್ಲಿ ಕೆಲವನ್ನು ಭಾರವಿಲ್ಲದೆ ಸುಮ್ಮನೆ ಆಡಿಸುವ ಉಪಾಯವೂ ಇದೆ. ಅನಿಲ ಒಳಬರುವ ಬಾಗಿಲನ್ನು ಮುಚ್ಚಗೊಡದೆ ತೆರೆದೇ ಇಟ್ಟರೆ ಪಿಸ್ಟನ್ ಆಡುತ್ತದೆ, ಒತ್ತುವುದಿಲ್ಲ. ನಾಲ್ಕು ಜೊತೆ ಎತ್ತಿನಲ್ಲಿ ಒಂದು ಜೊತೆಯ ನೊಗ ಸಡಿಲ ಬಿಟ್ಟ ಹಾಗೆ. ಎತ್ತು ನಡೆಯುತ್ತದೆ, ಎಳೆಯುವುದಿಲ್ಲ. ಆದರೆ ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಲೆಕ್ಕ. ನಾಲ್ಕು, ಮೂರು, ಎರಡು. ಮೂರೂಕಾಲು ಬೇಕೆಂದರೆ ಇಲ್ಲ.

ನೀರೆತ್ತುವ ಪಂಪುಗಳು ಪಿಸ್ಟನ್ ಬಿಟ್ಟು ಸುತ್ತುವ ಚಕ್ರಕ್ಕೆ ಬಂದು ಕಾಲವಾಗಿತ್ತು. ನಮ್ಮ ಬಾವಿಗಳ ಮೋಟರು ಪಂಪೂ ಅದೇ ಜಾತಿ, ಸೆಂಟ್ರಿಫ್ಯೂಗಲ್. ತಂಪಿನ ಯಂತ್ರಕ್ಕೂ ಯಾಕಾಗಬಾರದು ಎಂದು ಕ್ಯಾರಿಯರ್ ಹಿಡಿದು ಕೂತ. ಅಮೋನಿಯಾ ಇದಕ್ಕೆ ಒಗ್ಗುವುದಿಲ್ಲ, ಭಾರವಾದ ಆವಿ ಬೇಕು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಡೈಲೀನ್, ಬಟ್ಟೆಯ ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರವ. ಕಂಪ್ರೆಸರನ್ನು ಜರ್ಮನಿಯಲ್ಲಿ ಮಾಡಿಸಿ ತರಿಸಿದ. 1922ರ ಮೇ 22ರಂದು ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಎಂಜಿನಿಯರುಗಳನ್ನು ಕರೆದು ಓಡಿಸಿ ತೋರಿಸಿದ. ಅಷ್ಟೇ ತಂಪಿಗೆ ಹಳೆಯದಕ್ಕಿಂತ ಬಹಳ ಚಿಕ್ಕ ಯಂತ್ರ, ಬಡಿತವಿಲ್ಲ, ಒತ್ತಡ ಕಡಿಮೆ.

ಹೆಚ್ಚು ಕಡಿಮೆ ಮಾಡುವ ಮಾತೂ ಇಲ್ಲೇ ಸಲೀಸಾಯಿತು. ಚಕ್ರದ ವೇಗ ಇಳಿಸಿದರೆ ಎಳೆಯುವ ಅನಿಲ ಇಳಿಯುತ್ತದೆ. ವೇಗ ಇಳಿಸಲು ಆಗದ ಕಡೆ ಅನಿಲ ಬರುವ ದಾರಿಯನ್ನು ಕಿರಿದು ಮಾಡಬಹುದು, ಕೆರೆಯ ತೂಬು ತಿರುಗಿಸಿದ ಹಾಗೆ. ಮುಂದಿನ ದಶಕಗಳಲ್ಲಿ ಬಾಯಿಯಲ್ಲೇ ತಿರುಗುವ ರೆಕ್ಕೆಗಳನ್ನು ಇಟ್ಟು ಇದನ್ನು ಇನ್ನೂ ಹದಕ್ಕೆ ತಂದರು. ಮಿತಿಯೂ ಇದೆ. ತೀರಾ ಬಿಗಿದರೆ ಮುಂದಿನ ಒತ್ತಡ ತಾಳದೆ ಅನಿಲ ಹಿಂದಕ್ಕೆ ನುಗ್ಗುತ್ತದೆ, ಯಂತ್ರ ಗುಟುರು ಹಾಕುತ್ತದೆ. ಹಾಗೇ ಬಿಟ್ಟರೆ ಮುರಿಯುತ್ತದೆ.

ಚಾಕೊಲೇಟ್, ಸೀರೆ ಅಂಗಡಿ, ಸಿನಿಮಾ

ಮೊದಮೊದಲ ಯಂತ್ರಗಳು ಹೋದದ್ದು ಫಿಲಡೆಲ್ಫಿಯಾದ ಮಿಠಾಯಿ ಕಾರ್ಖಾನೆಯಂಥ ಕಡೆಗೆ. 1924ರಲ್ಲಿ ಡೆಟ್ರಾಯಿಟ್ ನಗರದ ಹಡ್ಸನ್ ಎಂಬ ದೊಡ್ಡ ಅಂಗಡಿ ಕರೆಯಿತು. ನೆಲಮಾಳಿಗೆಯಲ್ಲಿ ಅಗ್ಗದ ಮಾಲು ಮಾರುವಾಗ ಜನ ಎಷ್ಟು ಸೇರುತ್ತಿದ್ದರೆಂದರೆ ಸೆಕೆಗೆ ಹೆಂಗಸರು ತಲೆ ಸುತ್ತಿ ಬೀಳುತ್ತಿದ್ದರು. ಶ್ರಾವಣದ ಸೀರೆ ಸೇಲಿನಲ್ಲಿ ನಮ್ಮ ಅಂಗಡಿಗಳ ಮಹಡಿ ನೆನೆಸಿಕೊಳ್ಳಿ. ಕ್ಯಾರಿಯರ್ 195 ಟನ್ನಿನ ಮೂರು ಯಂತ್ರ ಕೂರಿಸಿದ. ಒಂದೇ 585 ಟನ್ನಿನದಲ್ಲ, ಮೂರು. ಜನ ಕಡಿಮೆಯಾದಾಗ ಒಂದನ್ನು ನಿಲ್ಲಿಸಬಹುದು. ದೊಡ್ಡ ಆಸ್ಪತ್ರೆ, ಕಟ್ಟಡಗಳಲ್ಲಿ ಇವತ್ತಿಗೂ ಹೀಗೇ ಹಂಚಿ ಇಡುತ್ತಾರೆ.

ಮುಂದಿನದು ನ್ಯೂಯಾರ್ಕಿನ ರಿವೋಲಿ ಥಿಯೇಟರ್, 1925. ಆಗ ಬೇಸಿಗೆ ಬಂದರೆ ಥಿಯೇಟರುಗಳು ಖಾಲಿ. ಸುಮಾರು 2 ಸಾವಿರ ಜನ ಕೂರುವ ಜಾಗ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತದೆ, ಹಳೆಯ ಬುರುಡೆ ಬಲ್ಬಿನಷ್ಟು. 2 ಸಾವಿರ ಜನಕ್ಕೆ 200 ಕಿಲೋವಾಟ್. ಅದನ್ನು ತೆಗೆಯಲಿಕ್ಕೇ ಸುಮಾರು 57 ಟನ್ ಬೇಕು, ಅಂದರೆ ಇವತ್ತಿನ ಒಂದೂವರೆ ಟನ್ನಿನ 38 ಎಸಿ. ಆಟ ಬಿಟ್ಟು ಜನ ಎದ್ದು ಹೋದರೆ ಅಷ್ಟೂ ಒಮ್ಮೆಲೇ ಇಲ್ಲ. ಬೇಕಾದಷ್ಟೇ ಕೊಡುವ ಯಂತ್ರ ಇಲ್ಲದಿದ್ದರೆ ಜನ ಒಂದೋ ಬೆವರಬೇಕು, ಇಲ್ಲ ನಡುಗಬೇಕು.

ಡೈಲೀನ್‌ಗೆ ನಗರದ ಸುರಕ್ಷತಾ ಅಧಿಕಾರಿ ಒಪ್ಪಲಿಲ್ಲ. ಕ್ಯಾರಿಯರ್ ಆತನ ಕಚೇರಿಗೆ ಹೋಗಿ, ಒಂದು ಪಾತ್ರೆಯಲ್ಲಿ ಸ್ವಲ್ಪ ಡೈಲೀನ್ ಸುರಿದು, ಕಡ್ಡಿ ಗೀರಿ ಹಾಕಿದ. ಅಧಿಕಾರಿ ಬೆಚ್ಚಿಬಿದ್ದ. ಅದು ಸಿಡಿಯಲಿಲ್ಲ, ಮೆಲ್ಲಗೆ ಉರಿದು ಆರಿತು. ಇಂಥ ಸಾಹಸಕ್ಕೆ ಇವತ್ತು ಜೈಲು, ಆದರೆ ಆವತ್ತು ಅನುಮತಿ ಸಿಕ್ಕಿತು.

ಮೇ ತಿಂಗಳ ಕೊನೆಯ ರಜಾದಿನ, ಮೊದಲ ಆಟ. ಪ್ಯಾರಮೌಂಟ್ ಕಂಪನಿಯ ದೊರೆ ಅಡಾಲ್ಫ್ ಜೂಕರ್ ಬಾಲ್ಕನಿಯಲ್ಲಿ ಬಂದು ಕೂತ. ಯಂತ್ರ ಸಜ್ಜಾಗುವುದು ತಡವಾಗಿ, ಬಾಗಿಲು ತೆರೆದಾಗ ಒಳಗೆ ಇನ್ನೂ ಧಗೆ. ಬಂದ ಜನ ಅಭ್ಯಾಸದಂತೆ ಬೀಸಣಿಗೆ ತಂದಿದ್ದರು. ಎರಡು ಸಾವಿರ ಬೀಸಣಿಗೆ ಒಟ್ಟಿಗೆ ಆಡುತ್ತಿದ್ದವು. ಕ್ಯಾರಿಯರ್ ಮತ್ತು ಜೊತೆಗಾರರು ಹಿಂದೆ ನಿಂತು ಅದನ್ನೇ ನೋಡುತ್ತಿದ್ದರು. ಕಂಪನಿಯ ಮಾನ ಆ ಬೀಸಣಿಗೆಗಳಲ್ಲಿತ್ತು. ತುಂಬಿದ ಸಭೆಯನ್ನು ತಣ್ಣಗೆ ಮಾಡಲು ಹೊತ್ತು ಬೇಕು. ನಿಧಾನಕ್ಕೆ ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಕೊನೆಯಲ್ಲಿ ಹಠಮಾರಿಗಳು ಕೆಲವರು ಬೀಸುತ್ತಿದ್ದರು, ಅವರೂ ನಿಲ್ಲಿಸಿದರು. ಮುಂದಿನ ಐದು ವರ್ಷಗಳಲ್ಲಿ ಕ್ಯಾರಿಯರ್ ನೂರಾರು ಥಿಯೇಟರುಗಳಿಗೆ ತಂಪು ಹಾಕಿದ. 1928-29ರಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳಿಗೆ ಬಂತು.

ಮನೆಗೆ ಬಂದದ್ದು ಮಾತ್ರ ನಿಂತು ಓಡುವ ಯಂತ್ರ

ಸೆಂಟ್ರಿಫ್ಯೂಗಲ್ ಯಂತ್ರ ನೂರಾರು ಟನ್ನಿಗೆ ಸರಿ. ಒಂದು ಕೋಣೆಗೆ ಅಷ್ಟು ಚಿಕ್ಕದು ಮಾಡಲು ಬರುವುದಿಲ್ಲ. ಹಾಗಾಗಿ ಮನೆಯ ಎಸಿ, ಫ್ರಿಜ್ಜುಗಳಿಗೆ ಚಿಕ್ಕ ಪಿಸ್ಟನ್ನು, ಆಮೇಲೆ ರೋಟರಿ ಕಂಪ್ರೆಸರು ಬಂತು. ಬಿಸಿಯಾದರೆ ಹತ್ತು, ತಣ್ಣಗಾದರೆ ಆರು. ರಾತ್ರಿ ಅಡುಗೆಮನೆಯ ಫ್ರಿಜ್ಜು ಗುರ್ ಎಂದು ಎದ್ದು, ನಡುಗಿ, ಸುಮ್ಮನಾಗುವುದು ಇದೇ ಆಟ. ಪ್ರತಿ ಸಲ ಎದ್ದಾಗಲೂ ಮೋಟರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಪಂಪ್‌ಸೆಟ್ಟುಗಳ ಜೊತೆ ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಬದುಕುವ ನಮ್ಮ ಹಳ್ಳಿಗಳಲ್ಲಿ ಬೋರಿನ ಮೋಟರು ಎದ್ದಾಗ ದೀಪ ಮಂಕಾಗುವುದನ್ನು ಕಾಣದವರಿಲ್ಲ. ಇನ್ನೊಂದು ನಷ್ಟ, ಕಂಪ್ರೆಸರ್ ನಿಂತ ಹೊತ್ತು ಒಳಗಿನ ಕಾಯಿಲ್ ಬೆಚ್ಚಗಾಗಿ ಅದರ ಮೇಲಿನ ನೀರು ಮತ್ತೆ ಕೋಣೆಗೇ ಆರುತ್ತದೆ. ಉಷ್ಣತೆ ಸರಿಯಿದ್ದರೂ ಅಂಟಂಟು. ದೊಡ್ಡ ಟನ್ನಿನ ಎಸಿ ತಂದರೆ ಒಳ್ಳೆಯದು ಎಂಬ ನಂಬಿಕೆ ಇದಕ್ಕೇ ಮೋಸ ಹೋಗುತ್ತದೆ. ಬೇಗ ತಣ್ಣಗಾಗಿ ಬೇಗ ನಿಲ್ಲುತ್ತದೆ, ತೇವ ತೆಗೆಯಲು ಪುರುಸೊತ್ತೇ ಇಲ್ಲ.

ಇದಕ್ಕೆ ಪರಿಹಾರ ಬಂದದ್ದು ಜಪಾನಿನಿಂದ. ತೋಷಿಬಾ ಕಂಪನಿ 1980ರಲ್ಲಿ ಅಂಗಡಿ ಕಚೇರಿಗಳಿಗೆ, 1981ರಲ್ಲಿ ಮನೆಗಳಿಗೆ ಇನ್ವರ್ಟರ್ ಎಸಿ ತಂದಿತು. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ, ಮಾಮೂಲಿ ಮೋಟರು ಅದಕ್ಕೆ ತಕ್ಕ ಒಂದೇ ವೇಗದಲ್ಲಿ ಸುತ್ತುತ್ತದೆ. ಇನ್ವರ್ಟರ್ ಎಂಬ ಎಲೆಕ್ಟ್ರಾನಿಕ್ ಭಾಗ ಅದನ್ನು ಮೊದಲು ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ಕರೆಂಟು ಮಾಡಿ, ಮತ್ತೆ ಬೇಕಾದ ಬಡಿತಕ್ಕೆ ಕತ್ತರಿಸಿ ಕೊಡುತ್ತದೆ. ಮೋಟರು ಮೆಲ್ಲಗೆ ಏಳುತ್ತದೆ, ಕೋಣೆ ಹದಕ್ಕೆ ಬಂದ ಮೇಲೆ ನಿಲ್ಲದೆ ನಿಧಾನಕ್ಕೆ ಓಡುತ್ತದೆ. ಚಳಿ ದೇಶಗಳಲ್ಲಿ ಇದೇ ಯಂತ್ರವನ್ನು ತಿರುಗುಮುರುಗು ಮಾಡಿ ಹೊರಗಿನ ಶಾಖವನ್ನು ಮನೆಯೊಳಗೆ ತರುತ್ತಾರೆ. ಅಲ್ಲೂ ಚಳಿ ಏರಿಳಿದಂತೆ ಕಂಪ್ರೆಸರ್ ಏರಿಳಿಯಬೇಕು.

ಭಾರತದಲ್ಲಿ 2018ರ ಜನವರಿಯಿಂದ ಎರಡೂ ಬಗೆಯ ಎಸಿಗಳನ್ನು ಒಂದೇ ಸ್ಟಾರ್ ಪಟ್ಟಿಯಲ್ಲಿ ಅಳೆಯುತ್ತಿದ್ದಾರೆ. ಪೂರ್ತಿ ಜೋರಿನಲ್ಲಿ ಓಡಿದಾಗಿನ ಒಂದೇ ಲೆಕ್ಕವಲ್ಲ, ವರ್ಷದ ಬೇರೆ ಬೇರೆ ಬಿಸಿಲಿನಲ್ಲಿ ಎಷ್ಟು ಕರೆಂಟು ತಿನ್ನುತ್ತದೆ ಎಂಬ ಲೆಕ್ಕ. ಕೊಳ್ಳುವವರು ನೋಡಬೇಕಾದದ್ದು ಆ ಚೀಟಿ. ದಿನಕ್ಕೆ ಅರ್ಧ ಗಂಟೆ ಹಾಕುವವರಿಗೆ ಇನ್ವರ್ಟರ್ ದುಡ್ಡು ವಾಪಸು ಬರುವುದು ತಡ. ರಾತ್ರಿಯಿಡೀ ಹಾಕುವವರಿಗೆ ಬೇಗ. ಎಲೆಕ್ಟ್ರಾನಿಕ್ ಬೋರ್ಡು ವೋಲ್ಟೇಜಿನ ಹೊಡೆತಕ್ಕೆ ಕೆಟ್ಟರೆ ರಿಪೇರಿ ದುಬಾರಿ ಎನ್ನುವುದನ್ನೂ ಹೇಳಿಬಿಡಬೇಕು.

ಕೊನೆಯ ವರ್ಷಗಳು

ಇದ್ಯಾವುದನ್ನೂ ಕ್ಯಾರಿಯರ್ ನೋಡಲಿಲ್ಲ. 1929ರ ಷೇರು ಕುಸಿತದ ನಂತರ ಕಂಪನಿ ಕಷ್ಟಕ್ಕೆ ಬಿತ್ತು. 1930ರಲ್ಲಿ ಬೇರೆ ಎರಡು ಕಂಪನಿಗಳ ಜೊತೆ ಕೂಡಿಕೊಂಡು ಉಳಿಯಿತು. 1937ರಲ್ಲಿ ಚದುರಿದ್ದ ಕಾರ್ಖಾನೆಗಳನ್ನೆಲ್ಲ ಸಿರಕ್ಯೂಸ್ ನಗರಕ್ಕೆ ತಂದರು. ಅದೇ ದಶಕದಲ್ಲಿ ದಕ್ಷಿಣ ಆಫ್ರಿಕಾದ ರಾಬಿನ್ಸನ್ ಡೀಪ್ ಚಿನ್ನದ ಗಣಿಗೆ ತಂಪು ಗಾಳಿ ಇಳಿಸುವ ಯಂತ್ರ ಕೊಟ್ಟರು. ನಮ್ಮ ಪಕ್ಕದ ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದದ್ದು ಓದುಗರಿಗೆ ಗೊತ್ತು. ಅಲ್ಲೂ ತಂಪು ಗಾಳಿ ಕಳಿಸದೆ ಕೆಲಸ ಸಾಗುತ್ತಿರಲಿಲ್ಲ, ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತಿತ್ತು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು.

1939ರಲ್ಲಿ ಎತ್ತರದ ಕಟ್ಟಡಗಳಿಗೆ ಹೊಸ ಪದ್ಧತಿ ತಂದ. ಕಿರಿದಾದ ಕೊಳವೆಯಲ್ಲಿ ಗಾಳಿಯನ್ನು ರಭಸದಿಂದ ಕಳಿಸಿ, ಪ್ರತಿ ಕೋಣೆಯ ಕಿಟಕಿಯ ಕೆಳಗೆ ಒಂದು ಪೆಟ್ಟಿಗೆ ಇಟ್ಟು, ಆಯಾ ಕೋಣೆಯವರು ತಮಗೆ ಬೇಕಾದಷ್ಟು ತಂಪನ್ನೋ ಬಿಸಿಯನ್ನೋ ಮಾಡಿಕೊಳ್ಳುವ ಏರ್ಪಾಟು. ಅದೇ ವರ್ಷ ಜೆನ್ನಿ ತೀರಿಕೊಂಡಳು. 1941ರಲ್ಲಿ ಎಲಿಜಬೆತ್ ವೈಸ್‌ಳನ್ನು ಮದುವೆಯಾದ.

ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಒಂದು ಕೆಲಸ ಕೊಟ್ಟಿತು. ಕ್ಲೀವ್‌ಲ್ಯಾಂಡಿನಲ್ಲಿ ವಿಮಾನದ ಎಂಜಿನ್ ಪರೀಕ್ಷಿಸುವ ದೊಡ್ಡ ಗಾಳಿ ಸುರಂಗ ಕಟ್ಟುತ್ತಿದ್ದರು. ಬಹಳ ಎತ್ತರದ ಆಕಾಶದಲ್ಲಿರುವ ಚಳಿ ನೆಲದ ಮೇಲೆ ಆಗಬೇಕು, ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ, ಅದೂ ಬಿರುಗಾಳಿಯಂತೆ ಬೀಸುವ ಗಾಳಿಯಲ್ಲಿ, ಒಳಗೆ ಎಂಜಿನ್ ಉರಿಯುತ್ತಿರುವಾಗ. ಆಗುವುದಿಲ್ಲ ಎಂದವರಿದ್ದರು. ಅರುವತ್ತು ದಾಟಿದ್ದ ಕ್ಯಾರಿಯರ್ ತನ್ನ ಸೆಂಟ್ರಿಫ್ಯೂಗಲ್ ಯಂತ್ರಗಳನ್ನೇ ನಂಬಿ ಮಾಡಿ ಕೊಟ್ಟ. ತನ್ನ ಕೆಲಸಗಳಲ್ಲಿ ಇದನ್ನೇ ದೊಡ್ಡದೆಂದು ಆತ ಎಣಿಸುತ್ತಿದ್ದ. ಥಿಯೇಟರಿನ ಬೀಸಣಿಗೆಗಳೇ ದೊಡ್ಡದು ಎಂದು ನಮಗೆ ಅನ್ನಿಸಬಹುದು, ಆದರೆ ಎಂಜಿನಿಯರನ ಅಳತೆಗೋಲು ಬೇರೆ.

ಹೃದಯ ಕೈಕೊಡುತ್ತಿತ್ತು. 1948ರಲ್ಲಿ ಕಂಪನಿಯ ಕೆಲಸದಿಂದ ಬಿಡುಗಡೆ ಪಡೆದ. ಆ ಹೊತ್ತಿಗೆ ಆತನ ಹೆಸರಿನಲ್ಲಿ 80ಕ್ಕೂ ಹೆಚ್ಚು ಪೇಟೆಂಟುಗಳಿದ್ದವು. 1950ರ ಅಕ್ಟೋಬರ್ 7ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ವಾರಕ್ಕೆ 10 ಡಾಲರಿಗೆ ಕೆಲಸ ಶುರು ಮಾಡಿದ ಬಫಲೋ ನಗರದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.